ಜಪಾನಿನಲ್ಲಿ ರೈಲೇ ಮೊದಲು, ಕಾರು ಕೊನೆಗೆ

ಟೋಕಿಯೊದ ಗಿಂಜಾ ಮಾರ್ಗ ಏಷ್ಯಾದ ಮೊತ್ತಮೊದಲ ಸುರಂಗ ರೈಲು ಮಾರ್ಗ. 1927ರ ಕೊನೆಯಲ್ಲಿ ಉಯೆನೊದಿಂದ ಅಸಾಕುಸಾವರೆಗೆ ಓಡಲು ಶುರುವಾದ ಈ ಮಾರ್ಗದ ಗುರುತು ಕಿತ್ತಳೆ ಬಣ್ಣ ಮತ್ತು ‘ಜಿ’ ಅಕ್ಷರ. ಇಂದು ಶಿಬುಯಾ ನಿಲ್ದಾಣ ಜಿ01, ಗಿಂಜಾ ಜಿ09, ಕೊನೆಯ ಅಸಾಕುಸಾ ಜಿ19. ಗಿಂಜಾದಲ್ಲಿ ರೈಲು ಹತ್ತಿ ಅಸಾಕುಸಾದ ಸೆನ್ಸೋಜಿ ದೇಗುಲಕ್ಕೆ ಹೊರಟವರಿಗೆ ಜಪಾನಿ ಲಿಪಿಯ ಒಂದಕ್ಷರ ಬರದಿದ್ದರೂ ತೊಂದರೆಯಿಲ್ಲ. ಮುಂದಿನ ನಿಲ್ದಾಣ ಜಿ10 ಎಂದಿದ್ದರೆ ದಾರಿ ಸರಿ. ಜಿ08 ಎಂದಿದ್ದರೆ ಅಲ್ಲೇ ಇಳಿದು ಎದುರು ದಿಕ್ಕಿನ ರೈಲು ಹಿಡಿಯಬೇಕು.

ಭಾಷೆ ಬಾರದವರನ್ನೂ ಊರು ಸುತ್ತಿಸುವ ಈ ಅಚ್ಚುಕಟ್ಟು ಜಪಾನಿನ ಸಾರಿಗೆಯ ಉದ್ದಕ್ಕೂ ಇದೆ. ನಿಲ್ದಾಣದಿಂದ ಹೊರಬರುವ ದಾರಿಗಳಿಗೂ ಸಂಖ್ಯೆಯೋ ಹೆಸರೋ ಇರುತ್ತದೆ, ಮತ್ತು ಅದನ್ನು ಮೊದಲೇ ತಿಳಿದಿರುವುದು ಬಹಳ ಮುಖ್ಯ. ಜಗತ್ತಿನಲ್ಲೇ ಅತಿ ಹೆಚ್ಚು ಜನ ಬಳಸುವ ಶಿಂಜುಕು ನಿಲ್ದಾಣಕ್ಕೆ ಇನ್ನೂರಕ್ಕೂ ಹೆಚ್ಚು ದ್ವಾರಗಳಿವೆ. ತಪ್ಪು ದ್ವಾರದಲ್ಲಿ ಹೊರಬಿದ್ದರೆ ಎದುರಿಗೇ ಇರಬೇಕಾದ ಹೋಟೆಲಿಗೆ ಅರ್ಧ ಬಡಾವಣೆ ಸುತ್ತಿ ಹೋಗಬೇಕಾದೀತು.

ಟಿಕೆಟಿನ ತಲೆನೋವಿಗೆ ಮದ್ದು ಸುಯಿಕಾ ಕಾರ್ಡ್. 2001ರಲ್ಲಿ ಬಂದ ಈ ಕಾರ್ಡಿಗೆ ಹಣ ತುಂಬಿಸಿಟ್ಟುಕೊಂಡರೆ ಸುರಂಗ ರೈಲು, ಲೋಕಲ್ ರೈಲು, ನಗರದ ಬಸ್ಸು, ಕೊನೆಗೆ ನೀರಿನ ಬಾಟಲಿ ಮಾರುವ ಯಂತ್ರಕ್ಕೂ ಅದೇ ಸಾಕು. ಟೋಕಿಯೊದ ಕಾರ್ಡು ಒಸಾಕಾದಲ್ಲೂ ನಡೆಯುತ್ತದೆ. ಆದರೆ ಟೋಕಿಯೊ ವಲಯದಲ್ಲಿ ಕಾರ್ಡು ತೋರಿಸಿ ಒಳಹೊಕ್ಕು ಒಸಾಕಾದಲ್ಲಿ ಅದೇ ಪ್ರಯಾಣ ಮುಗಿಸಲು ಆಗದು. ಅಷ್ಟು ದೂರಕ್ಕೆ ಬೇರೆ ಟಿಕೆಟ್ ಬೇಕು.

ದೂರ ಎಂದಮೇಲೆ ಶಿಂಕಾನ್ಸೆನ್. ಒಲಿಂಪಿಕ್ಸ್‌ಗೆ ಕೆಲವೇ ದಿನ ಮುಂಚೆ, 1964ರ ಅಕ್ಟೋಬರ್ 1ರಂದು ಶುರುವಾದ ಈ ಬುಲೆಟ್ ರೈಲು ಟೋಕಿಯೊ–ಒಸಾಕಾ ನಡುವಿನ ಐನೂರು ಚಿಲ್ಲರೆ ಕಿಲೋಮೀಟರನ್ನು ಎರಡೂವರೆ ಗಂಟೆಯೊಳಗೆ ಮುಗಿಸುತ್ತದೆ. ನಿಗದಿತ ದಿನಗಳ ಮಟ್ಟಿಗೆ ಜಪಾನ್ ರೈಲ್ವೆಯಲ್ಲಿ ಬೇಕಾದಷ್ಟು ಓಡಾಡಲು ಸಿಗುವ ಜೆಆರ್ ಪಾಸನ್ನು ಪ್ರವಾಸಿಗರೆಲ್ಲ ಕಣ್ಣುಮುಚ್ಚಿ ಕೊಳ್ಳುತ್ತಿದ್ದ ಕಾಲವೊಂದಿತ್ತು. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ ಒಮ್ಮೆಗೇ 50,000ಕ್ಕೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಒಂದು ಬದಿಯ ದರ ಸುಮಾರು 14,000 ಯೆನ್. ಹೋಗಿಬರುವುದಷ್ಟೇ ಇದ್ದವರಿಗೆ ಪಾಸ್ ಶುದ್ಧ ನಷ್ಟ. ಇನ್ನೊಂದು ಮಾತು: ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ಮೀರುವ ಸೂಟ್‌ಕೇಸ್ ಇದ್ದರೆ ಈ ಮಾರ್ಗದಲ್ಲಿ ಅದಕ್ಕೆ ಜಾಗವಿರುವ ಸೀಟನ್ನೇ ಕಾದಿರಿಸಬೇಕು. ಇಲ್ಲವೆಂದರೆ ಹೋಟೆಲಿನ ಕೌಂಟರಿನಲ್ಲಿ ಕೊಟ್ಟು ಪಾರ್ಸೆಲ್ ಮಾಡಬಹುದು; ಮುಂದಿನ ಊರಿನ ಹೋಟೆಲಿಗೆ ಸಾಮಾನ್ಯವಾಗಿ ಮರುದಿನವೇ ತಲುಪುತ್ತದೆ.

ರೈಲು ಮುಟ್ಟದ ಹಳ್ಳಿಗಳಿಗೆ ಬಸ್ಸೇ ಗತಿ, ಅಲ್ಲಿನ ಕ್ರಮವೇ ಬೇರೆ. ಹಿಂಬಾಗಿಲಿನಿಂದ ಹತ್ತುವಾಗ ಪುಟ್ಟ ಯಂತ್ರವೊಂದು ಸಂಖ್ಯೆ ಅಚ್ಚಾದ ಚೀಟಿ ಕೊಡುತ್ತದೆ. ಚಾಲಕನ ತಲೆಯ ಮೇಲಿನ ಫಲಕದಲ್ಲಿ ಎಲ್ಲ ಸಂಖ್ಯೆಗಳೂ ಸಾಲಾಗಿರುತ್ತವೆ, ಬಸ್ಸು ಮುಂದುವರಿದಂತೆ ಒಂದೊಂದರ ಕೆಳಗಿನ ದರವೂ ಏರುತ್ತಾ ಹೋಗುತ್ತದೆ. ಇಳಿಯುವಾಗ ತಮ್ಮ ಚೀಟಿಯ ಸಂಖ್ಯೆಯಡಿ ಎಷ್ಟಿದೆಯೋ ಅಷ್ಟು ನಾಣ್ಯವನ್ನು ಚೀಟಿಯ ಸಮೇತ ಚಾಲಕನ ಪಕ್ಕದ ಪೆಟ್ಟಿಗೆಗೆ ಹಾಕಿ ಮುಂಬಾಗಿಲಿನಿಂದ ಇಳಿಯಬೇಕು. ಸಾವಿರ ಯೆನ್ ನೋಟಿಗೆ ಚಿಲ್ಲರೆ ಕೊಡುವ ಯಂತ್ರ ಅಲ್ಲೇ ಇರುತ್ತದೆ. ಹತ್ತು ಸಾವಿರದ ನೋಟು ಹಿಡಿದು ಹತ್ತಿದವರ ಪಾಡು ಕಷ್ಟ.

ರೈಲುಗಳು ಮಧ್ಯರಾತ್ರಿಯ ಹೊತ್ತಿಗೆ ನಿಂತರೆ ಮತ್ತೆ ಹೊರಡುವುದು ಬೆಳಗಿನ ಐದರ ಸುಮಾರಿಗೆ. ನಡುವಿನ ಹೊತ್ತಿಗೆ ಟ್ಯಾಕ್ಸಿ. ಹಿಂದಿನ ಎಡಬಾಗಿಲನ್ನು ಚಾಲಕನೇ ತನ್ನ ಸೀಟಿನಿಂದ ತೆರೆಯುತ್ತಾನೆ, ಮುಚ್ಚುತ್ತಾನೆ. ಪ್ರಯಾಣಿಕರು ಅದಕ್ಕೆ ಕೈಹಚ್ಚದಿರುವುದೇ ಅಲ್ಲಿನ ರೂಢಿ. 2022ರ ನವೆಂಬರ್‌ನಲ್ಲಿ ಟೋಕಿಯೊ ನಗರದ ಕನಿಷ್ಠ ದರವನ್ನು ಮೊದಲ ಸುಮಾರು 1.1 ಕಿಲೋಮೀಟರಿಗೆ 500 ಯೆನ್ ಎಂದು ನಿಗದಿ ಮಾಡಿದರು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಶೇಕಡ 20 ಹೆಚ್ಚು. ಚೌಕಾಸಿಯಿಲ್ಲ, ಭಕ್ಷೀಸಿನ ಪದ್ಧತಿಯೂ ಇಲ್ಲ. ಮೂರ್ನಾಲ್ಕು ಜನ ಸೇರಿ ಹತ್ತಿರದ ಜಾಗಕ್ಕೆ ಹೋಗುವುದಾದರೆ ಟ್ಯಾಕ್ಸಿ ದುಬಾರಿಯೇನಲ್ಲ. ಆದರೆ ವಿಮಾನ ನಿಲ್ದಾಣದಂಥ ದೂರಕ್ಕೆ ಮೀಟರು ಓಡುವುದನ್ನು ನೋಡಲು ಎದೆಗಟ್ಟಿ ಬೇಕು.

ಇನ್ನು ಕಾರು. ಟೋಕಿಯೊ, ಒಸಾಕಾಗಳಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳುವುದು ಅವಿವೇಕ. ಪಾರ್ಕಿಂಗಿಗೆ ಸುರಿಯುವ ಹಣವೇ ದಂಡ. ಊರುಗಳು ದೂರ ದೂರವಿರುವ, ರೈಲು ವಿರಳವಾದ ಹೊಕ್ಕೈಡೊ ದ್ವೀಪದಲ್ಲಿ ಮಾತ್ರ ಕಾರಿಗೆ ಸಮನಾದದ್ದಿಲ್ಲ. ನಮ್ಮಂತೆಯೇ ಅಲ್ಲೂ ಎಡಬದಿಯ ಸಂಚಾರ, ಹಾಗೆಂದು ಮೈಮರೆಯುವಂತಿಲ್ಲ. ರೈಲ್ವೆ ಗೇಟು ತೆರೆದೇ ಇದ್ದರೂ ಹಳಿಯ ಮುಂದೆ ಕಾರು ಪೂರ್ತಿ ನಿಲ್ಲಿಸಿಯೇ ಮುಂದೆ ಹೋಗಬೇಕು. ಕುಡಿದು ಓಡಿಸಿದರೆ ಚಾಲಕನ ಜೊತೆಗೆ, ಗೊತ್ತಿದ್ದೂ ಪಕ್ಕದಲ್ಲಿ ಕುಳಿತವನಿಗೂ ಶಿಕ್ಷೆಯಾಗಬಹುದು.

ಭಾರತದ ಲೈಸೆನ್ಸ್ ಒಂದನ್ನೇ ತೋರಿಸಿದರೆ ಅಲ್ಲಿ ಕೀಲಿ ಕೈಗೆ ಬರುವುದಿಲ್ಲ. 1949ರ ಜಿನೀವಾ ಒಪ್ಪಂದದ ಮಾದರಿಯ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಇದನ್ನು ನಮ್ಮಲ್ಲಿ ಕೊಡುವುದು ಆರ್‌ಟಿಒ, ಅವಧಿ ಒಂದು ವರ್ಷ. ಹೊಕ್ಕೈಡೊದಲ್ಲಿ ಕಾರು ಓಡಿಸುವ ಆಸೆಯಿರುವವರು ವಿಮಾನದ ಟಿಕೆಟ್ ಕೈಗೆ ಬಂದ ಕೂಡಲೇ ಅರ್ಜಿ ಹಾಕಲಿ, ಹೊರಡುವಾಗ ಮೂಲ ಲೈಸೆನ್ಸನ್ನೂ ಮರೆಯದೆ ಜೊತೆಗಿಟ್ಟುಕೊಳ್ಳಲಿ.