ಇಳಿವಯಸ್ಸಿನ ಮದ್ಯವ್ಯಸನ: ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆ

ಮದ್ಯಪಾನವು ತರುಣರನ್ನು ಕೆಡಿಸುವ ಚಟವೆಂಬುದು ನಮ್ಮಲ್ಲಿ ರೂಢಮೂಲವಾದ ಭಾವನೆ. ಮನೆಯ ಹಿರಿಯರು ಕುಡಿಯುತ್ತಿದ್ದರೆ, 'ಇಷ್ಟು ವಯಸ್ಸಾದ ಮೇಲೆ ಬಿಡಿಸಿ ಆಗಬೇಕಾದುದೇನು?' ಎಂದು ಸುಮ್ಮನಾಗುವವರೇ ಹೆಚ್ಚು. ಈ ಔದಾಸೀನ್ಯವು ಸಲ್ಲದು. ವ್ಯಸನವು ಇಳಿವಯಸ್ಸಿನಲ್ಲಿಯೂ ಗುಣಪಡಿಸಬಹುದಾದ ಕಾಯಿಲೆಯೇ ಆಗಿದೆ.

ಮುಪ್ಪಿನಲ್ಲಿ ದೇಹದ ನೀರಿನಂಶ ಕುಗ್ಗುತ್ತದೆ. ಆದುದರಿಂದ ಹಿಂದೆ ಕುಡಿಯುತ್ತಿದ್ದಷ್ಟೇ ಮದ್ಯವು ಈಗ ರಕ್ತದಲ್ಲಿ ಹೆಚ್ಚು ಸಾಂದ್ರವಾಗುತ್ತದೆ. ಮಧುಮೇಹ, ರಕ್ತದೊತ್ತಡ ಹಾಗೂ ನಿದ್ರೆಯ ಮಾತ್ರೆಗಳೊಡನೆ ಅದು ಸೇರಿದರೆ ಅಪಾಯ ಇನ್ನೂ ಹೆಚ್ಚು. ಮರೆವು, ಕೈನಡುಕ, ಎಡವಿ ಬೀಳುವುದು, ನಿದ್ರೆ ಬಾರದಿರುವುದು, ಮನಸ್ಸಿನ ಮಂಕು ಇವೆಲ್ಲ ವ್ಯಸನದ ಲಕ್ಷಣಗಳು. ಆದರೆ ಜನ ಅವನ್ನು ಮುಪ್ಪಿನ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಕೆಲವರು ಯೌವನದ ಚಟವನ್ನೇ ಮುಂದುವರಿಸಿದವರು. ಮತ್ತೆ ಕೆಲವರು ನಿವೃತ್ತಿ, ಬಾಳಸಂಗಾತಿಯ ಅಗಲಿಕೆ, ಒಂಟಿತನಗಳ ಕಾರಣದಿಂದ ತಡವಾಗಿ ಅದಕ್ಕೆ ಬಿದ್ದವರು. ಈ ಎರಡನೆಯ ವರ್ಗದವರು ಸಾಮಾನ್ಯವಾಗಿ ಚಿಕಿತ್ಸೆಗೆ ಬೇಗ ಒಲಿಯುತ್ತಾರೆ.

ಸಕ್ಕರೆ ಕಾಯಿಲೆಯ ಮಾತ್ರೆಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ವೃದ್ಧರನ್ನು ಕುಡಿತದ ವಿಷಯವಾಗಿ ಕೇಳುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ 'ಆಡಿಟ್' ಎಂಬ 10 ಪ್ರಶ್ನೆಗಳ ಪಟ್ಟಿಯಿದೆ. ಒಟ್ಟು 40 ಅಂಕಗಳಲ್ಲಿ 8 ಅಥವಾ ಹೆಚ್ಚು ಬಂದರೆ ಕುಡಿತವು ಹಾನಿಯ ಹಾದಿ ಹಿಡಿದಿದೆಯೆಂದೂ, 20 ಅಥವಾ ಹೆಚ್ಚು ಬಂದರೆ ಅವಲಂಬನೆಯ ಶಂಕೆಯೆಂದೂ ಎಣಿಸಬೇಕು. ವೃದ್ಧರಲ್ಲಿ ಇದಕ್ಕಿಂತ ಕಡಿಮೆ ಅಂಕವನ್ನೂ ಕಡೆಗಣಿಸಲಾಗದು. ವ್ಯಸನವು ಬೇರೂರುವ ಮುನ್ನ ವೈದ್ಯರು ನಿಂದಿಸದೆ ಹೇಳುವ ಕೆಲವು ನಿಮಿಷಗಳ ಹಿತವಚನವೂ ಎಷ್ಟೋ ಜನರ ಕುಡಿತವನ್ನು ತಗ್ಗಿಸುತ್ತದೆ.

ನಮ್ಮ ನಾಡಿನಲ್ಲಿ ಮಠಗಳೂ ಈ ಕಾರ್ಯಕ್ಕೆ ಹೆಗಲು ಕೊಟ್ಟಿವೆ. ಇಳಕಲ್ಲಿನ ಪೂಜ್ಯ ಮಹಾಂತ ಸ್ವಾಮಿಗಳು 'ಮಹಾಂತ ಜೋಳಿಗೆ' ಹಿಡಿದು ಊರೂರು ತಿರುಗಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅಂತಹ ಸಂಕಲ್ಪದ ಬಲ ದೊಡ್ಡದು. ಆದರೆ ಬಹುಕಾಲ ನಿತ್ಯ ಕುಡಿದ ವೃದ್ಧರು ಒಮ್ಮೆಲೇ ನಿಲ್ಲಿಸಿದಾಗ ಒಂದು ದಿನದೊಳಗೆ ನಡುಕ, ಬೆವರು ಕಾಣಿಸಿಕೊಳ್ಳಬಹುದು. ಎರಡು ದಿನಗಳೊಳಗೆ ಮೂರ್ಛೆ ಬರಬಹುದು. ಎರಡು ಮೂರು ದಿನಗಳಲ್ಲಿ ಸನ್ನಿಯೂ ಹಿಡಿಯಬಹುದು. ಪ್ರಾಣಕ್ಕೇ ಸಂಚಕಾರ ಬಂದೀತು. ಆದುದರಿಂದ ಪ್ರತಿಜ್ಞೆಗೆ ಮುನ್ನ ವೈದ್ಯರ ಭೇಟಿಯು ಅವಶ್ಯ. ವೈದ್ಯರು ಥಯಾಮಿನ್ ಎಂಬ ಬಿ1 ಜೀವಸತ್ವವನ್ನೂ ತಕ್ಕ ಔಷಧಗಳನ್ನೂ ಕೊಟ್ಟು, ಅಪಾಯ ಕಂಡರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಗೆ ಕರೆಮಾಡಿ ಉಚಿತವಾಗಿ ಸಲಹೆ ಪಡೆಯಬಹುದು.

ಹಿರಿಯರನ್ನು ಹಳಿಯದೆ, ಅವರ ಕುಡಿತವನ್ನು ವೈದ್ಯರಿಂದ ಮರೆಮಾಚದೆ ಕೈಹಿಡಿದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು ಮನೆಯವರ ಕರ್ತವ್ಯ. ಕುಡಿತ ಬಿಟ್ಟವರ ಬಿಡುವಿನ ವೇಳೆಗೆ ಒಂದು ಕಾಯಕವನ್ನೂ ಒಡನಾಟವನ್ನೂ ಒದಗಿಸುವುದು ನಮ್ಮ ಶಿಕ್ಷಕರಿಂದಲೂ ಹಳೆಯ ವಿದ್ಯಾರ್ಥಿಗಳಿಂದಲೂ ದಾನಿಗಳಿಂದಲೂ ಆಗಬಹುದಾದ ಕೆಲಸ. ಅದೂ ಒಂದು ದಾಸೋಹವೇ ಸರಿ.