ದೊರೆ ಹುಟ್ಟದ ದಿನ ದೊರೆಯ ಹುಟ್ಟುಹಬ್ಬ!

ಜೂನ್ 23. ಲಕ್ಸೆಂಬರ್ಗ್‌ನಲ್ಲಿ ಸರ್ಕಾರಿ ರಜೆ, ಕಾರಣ ದೊರೆಯ ಹುಟ್ಟುಹಬ್ಬ. ತಮಾಷೆ ಏನಂದ್ರೆ, ಆ ದಿನ ಅಲ್ಲಿನ ಯಾವ ದೊರೆಯೂ ಹುಟ್ಟೇ ಇಲ್ಲ!

ಹಿಂದೆ ದೇಶ ಆಳ್ತಿದ್ದ ಗ್ರ್ಯಾಂಡ್ ಡಚೆಸ್ ಶಾರ್ಲಟ್ ಹುಟ್ಟಿದ್ದು 1896ರ ಜನವರಿ 23ಕ್ಕೆ. ಗಡಗಡ ನಡುಗೋ ಚಳಿಯಲ್ಲಿ ಬೀದಿಗಿಳಿದು ಹಬ್ಬ ಮಾಡೋರು ಯಾರು? 1961ರಲ್ಲಿ ಆಚರಣೆಯನ್ನ ಜೂನ್ 23ಕ್ಕೆ ತಂದ್ರು. ಆಮೇಲೆ ದೊರೆಗಳು ಬದಲಾದ್ರು, ತಾರೀಖು ಬದಲಾಗಲಿಲ್ಲ. ಹಿಂದಿನ ರಾತ್ರಿಯೇ ರಾಜಧಾನಿಯಲ್ಲಿ ಪಂಜಿನ ಮೆರವಣಿಗೆ, ಬಾಣಬಿರುಸು.

ಮೇ 9ರ ಯುರೋಪ್ ದಿನಕ್ಕೂ 2019ರಿಂದ ಇಲ್ಲಿ ರಜೆ. ಯುರೋಪಿಯನ್ ಒಕ್ಕೂಟದಲ್ಲಿ ಹಾಗೆ ರಜೆ ಕೊಟ್ಟ ಮೊದಲ ದೇಶ ಇದೇ.

ಆದ್ರೆ ನನ್ನ ಕೇಳಿದ್ರೆ, ನೋಡಲೇಬೇಕಾದ್ದು ಎಖ್ಟರ್ನಾಖ್ ಊರಿನ ಕುಣಿತದ ಮೆರವಣಿಗೆ. ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬದ ಭಾನುವಾರ ಕಳೆದು ಬರೋ ಮಂಗಳವಾರ ಜನ ಸಾಲುಸಾಲಾಗಿ ನಿಲ್ತಾರೆ. ಪಕ್ಕಪಕ್ಕದವರ ನಡುವೆ ಒಂದು ಬಿಳಿ ಕರವಸ್ತ್ರ. ಒಂದು ತುದಿ ಇವರ ಕೈಲಿ, ಇನ್ನೊಂದು ಅವರ ಕೈಲಿ. ಪೋಲ್ಕಾ ಧಾಟಿಯ ಒಂದೇ ರಾಗ, ಮತ್ತೆ ಮತ್ತೆ ಅದೇ. ಎಡಕ್ಕೊಂದು ಜಿಗಿತ, ಬಲಕ್ಕೊಂದು ಜಿಗಿತ. ಹೀಗೇ ಕುಣೀತಾ ಕುಣೀತಾ ಸಂತ ವಿಲ್ಲಿಬ್ರಾರ್ಡ್ ಸಮಾಧಿಯವರೆಗೆ! 2010ರಲ್ಲಿ ಇದು ಯುನೆಸ್ಕೋ ಪಟ್ಟಿಗೂ ಸೇರ್ತು.

ಈ ಮೆರವಣಿಗೆಯ ತಾರೀಖು ಈಸ್ಟರ್ ಜೊತೆ ವರ್ಷವರ್ಷ ಬದಲಾಗುತ್ತೆ. ಹೋಗೋ ಯೋಚನೆ ಇದ್ರೆ, ಮೊದಲು ಕ್ಯಾಲೆಂಡರ್ ನೋಡಿ, ಆಮೇಲೆ ಟಿಕೆಟ್ ಮಾಡಿಸಿ.