ಹಣ್ಣುಗಳು ಹಲವು, 'ಈಸ್' ಯಾಕೆ?

'ದ ಬಾಕ್ಸ್ ಆಫ್ ಮ್ಯಾಂಗೋಸ್ ಈಸ್ ಹೆವಿ' ಎಂಬ ಇಂಗ್ಲಿಷ್ ವಾಕ್ಯದಲ್ಲಿ 'ಮ್ಯಾಂಗೋಸ್' ಬಹುವಚನ. ಆದರೂ ಅದರ ಪಕ್ಕದಲ್ಲಿ 'ಆರ್' ಬಾರದೆ 'ಈಸ್' ಬರುವುದೇಕೆ?

ಕ್ರಿಯಾಪದ ಹೊಂದಿಕೊಳ್ಳುವುದು ಕರ್ತೃಪದಕ್ಕೆ, ಪಕ್ಕದಲ್ಲಿರುವ ಪದಕ್ಕಲ್ಲ. ಇಲ್ಲಿ ಭಾರವಾಗಿರುವುದು ಪೆಟ್ಟಿಗೆ, ಅದು ಒಂದೇ. 'ಆಫ್ ಮ್ಯಾಂಗೋಸ್' ಎಂಬುದು ಯಾವ ಪೆಟ್ಟಿಗೆ ಎಂದು ತಿಳಿಸುವ ವಿಶೇಷಣ ಮಾತ್ರ. ಮದುವೆಯ ಫೋಟೊದಲ್ಲಿ ವಧೂವರರ ನಡುವೆ ನೆಂಟರ ಮಕ್ಕಳು ನಿಂತರೂ ಜೋಡಿ ಬದಲಾಗುವುದಿಲ್ಲವಲ್ಲ, ಹಾಗೆ.

ಕನ್ನಡದಲ್ಲಿ ಈ ಗೊಂದಲವೇ ಹುಟ್ಟುವುದಿಲ್ಲ. 'ಮಾವಿನಹಣ್ಣುಗಳ ಪೆಟ್ಟಿಗೆ ಭಾರವಾಗಿದೆ' ಎನ್ನುವಾಗ ವಿಶೇಷಣ ಮುಂಚೆಯೇ ಬಂದುಬಿಡುತ್ತದೆ. 'ಪೆಟ್ಟಿಗೆ'ಯೂ ಕ್ರಿಯಾಪದವೂ ಅಕ್ಕಪಕ್ಕ ಉಳಿಯುತ್ತವೆ. ಇಂಗ್ಲಿಷ್‌ನಲ್ಲಿ 'ಆಫ್' ಭಾಗ ನಾಮಪದದ ನಂತರ ಬಂದು ನಡುವೆ ಸೇರುವುದರಿಂದ ಕಿವಿ ಮೋಸಹೋಗುತ್ತದೆ.

ಬರೆಯುವಾಗ 'ಆಫ್'ನಿಂದ ಶುರುವಾಗುವ ಭಾಗವನ್ನು ಬೆರಳಿನಿಂದ ಮುಚ್ಚಿ ಓದಿ. 'ದ ಬಾಕ್ಸ್ ಈಸ್ ಹೆವಿ' ಎಂದು ಉಳಿಯುತ್ತದೆ. 'ಒನ್ ಆಫ್ ಮೈ ಫ್ರೆಂಡ್ಸ್' ಎಂಬುದರಲ್ಲೂ ಮುಚ್ಚಿದರೆ 'ಒನ್' ಮಾತ್ರ ಉಳಿಯುವುದರಿಂದ 'ಈಸ್' ಸರಿ.

'ಎ ಲಾಟ್ ಆಫ್' ಮಾತ್ರ ಬೇರೆ. ಅದು ಪ್ರಮಾಣ ಸೂಚಿಸುವ ಪದಗುಚ್ಛ. ಅಲ್ಲಿ ಮುಂದಿನ ನಾಮಪದವನ್ನೇ ನೋಡಬೇಕು: 'ಎ ಲಾಟ್ ಆಫ್ ಮ್ಯಾಂಗೋಸ್ ಆರ್ ರೈಪ್', ಆದರೆ 'ಎ ಲಾಟ್ ಆಫ್ ವಾಟರ್ ಈಸ್ ವೇಸ್ಟೆಡ್'.